ಕೆಂಪು ಚೀಟಿಯ ಮೇಲಿನ ಸಹಿ

ಹೋದ ತಿಂಗಳು ಹೈದರಾಬಾದಿನ ನಮ್ಮ ಕಾರ್ಖಾನೆಯ ಯೂನಿಯನ್ ಹಾಲಿನಲ್ಲಿ ಅವರ ಶ್ರದ್ಧಾಂಜಲಿ ಸಭೆ ನಡೆಯಿತು. ಹನ್ನೆರಡು ಮಂದಿ ಮಾತಾಡಿದರು. ತೆಲುಗಿನಲ್ಲಿ ಏಳು ಜನ, ಹಿಂದಿಯಲ್ಲಿ ನಾಲ್ಕು, ಕನ್ನಡದಲ್ಲಿ ಒಬ್ಬರು. ಯಾರೂ ಸುಳ್ಳು ಹೇಳಲಿಲ್ಲ. ತೀರಿಕೊಂಡವರ ಬಗ್ಗೆ ಹನ್ನೆರಡು ಮಂದಿ ಮಾತಾಡಿ ಒಬ್ಬರೂ ಸುಳ್ಳು ಹೇಳದ ಸಭೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಹದಿಮೂರನೆಯವನಾಗಿ ನನ್ನ ಹೆಸರು ಕರೆದರು. ಗಂಟಲು ಕಟ್ಟಿದೆ ಎಂದು ಕೈಸನ್ನೆ ಮಾಡಿ ಕೂತುಬಿಟ್ಟೆ. ಗಂಟಲು ಚೆನ್ನಾಗಿಯೇ ಇತ್ತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಆ ಹೆಸರಿಗೆ ಸಾಕಷ್ಟು ಹೊಗಳಿಕೆ ಸಿಕ್ಕಿದೆ, ನನ್ನ ಕೈಯಿಂದಲೂ ಇನ್ನೊಂದಿಷ್ಟು ಯಾಕೆ. ಕಾರ್ಖಾನೆಯಲ್ಲಿ ಜನರಲ್ ಮ್ಯಾನೇಜರರಿಂದ ಹಿಡಿದು ಕ್ಯಾಂಟೀನಿನವರ ತನಕ ಎಲ್ಲರೂ ಅವರನ್ನು ‘ಉಸ್ತಾದ್’ ಎನ್ನುತ್ತಿದ್ದರು. ಅವರು ಬೀದರ ಕಡೆಯವರು, ನಾನು ಸೇಡಂ ಕಡೆಯವನು. ಕನ್ನಡದವರೆಂಬ ಸಲಿಗೆಯಿಂದ ನಾನು ಮಾತ್ರ ‘ಕಾಕಾ’ ಎನ್ನುತ್ತಿದ್ದೆ. ನನಗಿಂತ ಹದಿನಾಲ್ಕು ವರ್ಷ ದೊಡ್ಡವರು.

ಅವರು ಫಿಟ್ಟರ್. ಹತ್ತನೇ ಕ್ಲಾಸು ಎರಡನೇ ಸಲಕ್ಕೆ ಪಾಸು. ನಾನು ಗುಣಮಟ್ಟ ವಿಭಾಗದ ಇನ್‌ಸ್ಪೆಕ್ಟರ್, ಬಿ.ಎಸ್ಸಿ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಇದರಿಂದಲೇ ಹುಟ್ಟಿದ್ದು. ನನ್ನ ಅಪ್ಪ ಗಣಿಯಲ್ಲಿ ಹಾಸುಗಲ್ಲು ಕೊರೆಯುತ್ತಿದ್ದ. ಅಜ್ಜನೂ ಅದನ್ನೇ ಮಾಡಿದವನು. ನಮ್ಮ ಮನೆತನದಲ್ಲಿ ಪೆನ್ನು ಹಿಡಿದು ಹೊಟ್ಟೆ ತುಂಬಿಸಿಕೊಂಡ ಮೊದಲನೆಯವನು ನಾನು. ಹಗಲು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಕೆಲಸ, ಸಂಜೆ ನಾರಾಯಣಗೂಡದ ಕಾಲೇಜು, ಎರಡರ ನಡುವೆ ಎರಡು ಬಸ್ಸು. ಮೂರು ವರ್ಷದ ಪದವಿಗೆ ನನಗೆ ಐದು ವರ್ಷ ಹಿಡಿಯಿತು. ಪ್ರಮಾಣಪತ್ರವನ್ನು ಗಾಜು ಹಾಕಿಸಿ ಗೋಡೆಗೆ ತೂಗಿಹಾಕಿದ್ದೇನೆ. ನೋಡಿ ನಗುವವರು ನಗಲಿ.

ನಮ್ಮಲ್ಲಿ ತಯಾರಾಗುವ ಭಾಗಗಳಿಗೆ ಅಳತೆಯೇ ಪ್ರಾಣ. ಮಿಲಿಮೀಟರಿನ ನೂರನೇ ಒಂದು ಪಾಲಿಗೆ ನಾವು ‘ಪಾಯಿಂಟು’ ಎನ್ನುತ್ತಿದ್ದೆವು. ಒಂದು ತಲೆಗೂದಲ ದಪ್ಪ ಸುಮಾರು ಏಳು ಪಾಯಿಂಟು. ಯಂತ್ರದಿಂದ ಇಳಿದ ತುಂಡು ಕಾಕಾನ ಮೇಜಿಗೆ ಬರಬೇಕು, ಅವರು ಕೈಯಿಂದ ಉಜ್ಜಿ ಕೊನೆಯ ಒಂದೆರಡು ಪಾಯಿಂಟು ತೆಗೆಯಬೇಕು, ಆಮೇಲೆ ನಾನು ಗೇಜಿನಿಂದ ಅಳೆದು ಸಹಿ ಹಾಕಬೇಕು. ಇದು ಕಾಗದದ ಮೇಲಿನ ಕ್ರಮ. ನಡೆಯುತ್ತಿದ್ದ ಕ್ರಮ ಬೇರೆ.

ಕಾಕಾ ಸಪಾಟಾದ ಕಬ್ಬಿಣದ ಹಾಸಿನ ಮೇಲೆ ಆ ತುಂಡನ್ನೂ ಅದರ ಪಕ್ಕಕ್ಕೆ ಮಾದರಿ ತುಂಡನ್ನೂ ಒತ್ತಾಗಿ ಇಡುತ್ತಿದ್ದರು. ಬಲಗೈಯ ನಡುಬೆರಳನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಡಬ್ಬಿಯಿಂದ ಒಂದು ಚಿಟಿಕೆ ಪೌಡರು ಹಚ್ಚಿ, ಕಣ್ಣು ಮುಚ್ಚಿ, ಎರಡೂ ಕೂಡುವ ಗೆರೆಯ ಮೇಲೆ ಆ ಬೆರಳನ್ನು ಒಮ್ಮೆ ಎಳೆಯುತ್ತಿದ್ದರು. ಒಮ್ಮೆ ಮಾತ್ರ. ಎರಡನೇ ಸಲ ಎಳೆದದ್ದನ್ನು ನಾನು ನೋಡಿಲ್ಲ.

“ಎರಡೂವರಿ ಪಾಯಿಂಟ ಏರೈತಿ.”

ನಾನು ಗೇಜು ಇಟ್ಟರೆ ಎರಡೂವರೆಯೇ. ಹೀಗಾಗಿ ಎಂಜಿನಿಯರುಗಳು ನನ್ನ ಸಹಿಗೆ ಮುಂಚೆ ಅವರ ಬೆರಳನ್ನು ಕೇಳುತ್ತಿದ್ದರು. ಉಸ್ತಾದ್ ಸರಿ ಎಂದರೆ ಮುಗಿಯಿತು. “ಉಸ್ತಾದ್ ಕಿ ಉಂಗ್ಲಿ ಹೈ ಭಾಯಿ, ದಸ್ತಖತ್ ಕರ್ ದೇವ್” ಎಂದು ನಮ್ಮ ವರ್ಕ್‌ಶಾಪಿನ ಇನ್‌ಚಾರ್ಜ್ ನನಗೆ ಕಾಗದ ನೂಕುತ್ತಿದ್ದ. ಐದು ವರ್ಷ ಬಸ್ಸಿನಲ್ಲಿ ನಿಂತು ಓದಿದವನು ನಾನು. ನನ್ನ ಕೆಲಸ ಒಂದು ಬೆರಳಿನ ಕೆಳಗೆ ದಸ್ತಖತು ಹಾಕುವುದು.

ಆ ಬೆರಳಿಗೆ ನಡೆಯುತ್ತಿದ್ದ ಉಪಚಾರವನ್ನಂತೂ ನೋಡಬೇಕಿತ್ತು. ಏಪ್ರಿಲ್ ಬಿಸಿಲಲ್ಲೂ ಸ್ಕೂಟರ್ ಮೇಲೆ ಬಲಗೈಯೊಂದಕ್ಕೇ ಗ್ಲೌಸು. ಊಟದಲ್ಲಿ ಜೋಳದ ರೊಟ್ಟಿ ಮುರಿಯುವಾಗ ನಡುಬೆರಳು ಹೊರಗೆ, ಮೈಲಿಗೆಯಾಗುತ್ತದೇನೋ ಎಂಬಂತೆ ನೆಟ್ಟಗೆ ನಿಂತಿರುತ್ತಿತ್ತು. ಕೈ ಕುಲುಕಲು ಬಂದವರಿಗೆ ಎಡಗೈ ಕೊಡುತ್ತಿದ್ದರು; ದಿಲ್ಲಿಯಿಂದ ಬಂದ ದೊಡ್ಡ ಅಧಿಕಾರಿಗೂ ಎಡಗೈಯೇ. ಆತ ಬೇಜಾರು ಮಾಡಿಕೊಳ್ಳಲಿಲ್ಲ, ಆ ಎಡಗೈ ಹಿಡಿದುಕೊಂಡೇ ಫೋಟೋ ತೆಗೆಸಿಕೊಂಡ. ನಾನು ಆ ಫೋಟೋದಲ್ಲಿ ಅರ್ಧ ಭುಜ ಇದ್ದೇನೆ.

ನನ್ನ ಬಿ.ಎಸ್ಸಿ. ಫಲಿತಾಂಶ ಬಂದ ದಿನ ಎರಡು ಕಿಲೋ ಪೇಢಾ ತಂದು ಇಡೀ ಶಾಪಿಗೆ ಹಂಚಲು ಹೊರಟೆ. ನಾಲ್ಕನೇ ಮೇಜು ಮುಟ್ಟುವುದರೊಳಗೆ ಎಲ್ಲರೂ ಎದ್ದು ಓಡಿದರು. ಯಾವುದೋ ಯಂತ್ರದ ಹಳೆಯ ತೊಂದರೆಯನ್ನು ಉಸ್ತಾದ್ ಬೆರಳಿಟ್ಟು ಪತ್ತೆ ಹಚ್ಚಿದ್ದರಂತೆ. ಪೇಢಾ ಡಬ್ಬಿ ಹಿಡಿದು ಗುಂಪಿನ ಹಿಂದೆ ನಿಂತೆ. ಗುಂಪು ಕರಗಿದ ಮೇಲೆ ಅವರೇ ನನ್ನ ಕಡೆ ಬಂದರು. ಬಲಗೈಗೆ ಪೌಡರು ಇತ್ತೆಂದು ಎಡಗೈಯಲ್ಲಿ ಒಂದು ಪೇಢಾ ತೆಗೆದುಕೊಂಡರು.

“ಏನ್ರೀ ಬಿಎಸ್ಸಿ ಸಾಹೇಬ್ರ, ಪಾಸ್ ಆದ್ರೇನು? ಇನ್ನ ಮ್ಯಾಲ ನಾವು ಎದ್ದ ನಿಂದರಬೇಕ್ರಿ ನಿಮ್ಮ ಮುಂದ.”

ಸುತ್ತ ನಿಂತಿದ್ದವರು ನಕ್ಕರು. ಅವತ್ತಿನಿಂದ ನಾನು ‘ಬಿಎಸ್ಸಿ ಸಾಹೇಬ’ನಾದೆ. ಕುಟುಕಿದ್ದೋ ಪ್ರೀತಿಯೋ ನನಗೆ ಗೊತ್ತಾಗಲಿಲ್ಲ. ಕುಟುಕಿದ್ದು ಎಂದೇ ಇಟ್ಟುಕೊಂಡೆ.

ಇದೆಲ್ಲವನ್ನೂ ನುಂಗಿಕೊಂಡೇನು. ನುಂಗಲಾಗದ್ದು ಅಪ್ಪನ ವಿಷಯ. ಒಂದು ವರ್ಷ ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಮನೆಯವರನ್ನು ಒಳಗೆ ಬಿಟ್ಟಿದ್ದರು. ಊರಿಂದ ಅಪ್ಪನನ್ನು ಕರೆಸಿದೆ. ಇಸ್ತ್ರಿ ಅಂಗಿ ತೊಡಿಸಿ ನನ್ನ ಎ.ಸಿ. ಕೋಣೆ, ಗೇಜುಗಳು, ನನ್ನ ಹೆಸರಿನ ಹಲಗೆ ಎಲ್ಲ ತೋರಿಸಿದೆ. “ಹೂಂ, ಹೂಂ” ಎಂದ. ಹೊರಗೆ ಬರುವಾಗ ಕಾಕಾನ ಮೇಜು ಎದುರಾಯಿತು. ಕಾಕಾ ಅಪ್ಪನ ಕೈ ಹಿಡಿದು, ಒರಟು ಅಂಗೈಯನ್ನು ತಿರುವಿ ನೋಡಿ, “ಕಲ್ಲಿನ ಕೈ ಏನ್ರಿ?” ಎಂದರು. ಆಗ ಮಾತ್ರ ಬಲಗೈ ಕೊಟ್ಟಿದ್ದರು, ಅದನ್ನೂ ನಾನು ನೋಡಿದೆ. ಇಬ್ಬರೂ ಒಂದು ಗಂಟೆ ಕೂತರು. ಕಲ್ಲಿನ ಪದರ ಬೆರಳಿಗೆ ಹೇಗೆ ತಿಳಿಯುತ್ತದೆ, ಯಾವ ಸಪ್ಪಳಕ್ಕೆ ಸುತ್ತಿಗೆ ನಿಲ್ಲಿಸಬೇಕು ಎಂದೆಲ್ಲ. ಅಪ್ಪ ನನ್ನೊಂದಿಗೆ ಒಂದು ಗಂಟೆ ಹಾಗೆ ಕೂತು ಮಾತಾಡಿದ್ದು ನನಗೆ ನೆನಪಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಬೀಳ್ಕೊಡುವಾಗ ಕೇಳಿದೆ, “ಹೆಂಗ ಅನಸ್ತಪಾ ನನ್ನ ಆಫೀಸು?”

“ಚಲೋ ಐತಿ. ಆ ಮನಷ್ಯಾನ ಕೈ ನೋಡಿದೇನು ನೀ? ಅಂಥಾವ್ರ ಹತ್ರ ಕೆಲಸ ಮಾಡಾಕತ್ತೀದಿ, ನಿನ್ನ ಪುಣ್ಯಾ.”

ಊರಲ್ಲಿ ಹೋಗಿ ಹೇಳಿದ್ದೂ ಅದನ್ನೇ. ಮಗನ ಡಿಗ್ರಿಯ ಸುದ್ದಿ ಅಲ್ಲ, ಹೈದರಾಬಾದಿನಲ್ಲಿ ಕಂಡ ಒಂದು ಬೆರಳಿನ ಸುದ್ದಿ.

ಆ ವಾರವೇ ನಾನು ಒಂದು ಚಿಕ್ಕ ನೋಟ್‌ಬುಕ್ ಕೊಂಡೆ. ಅಂಗಿ ಜೇಬಿಗೆ ಹಿಡಿಯುವಂಥದು. ಕಾಕಾ ಬೆರಳಿಟ್ಟು ಹೇಳಿದ ಅಳತೆ ಒಂದು ಕಡೆ, ಆಮೇಲೆ ನನ್ನ ಕೋಣೆಯಲ್ಲಿ ಗೇಜು ತೋರಿಸಿದ್ದು ಇನ್ನೊಂದು ಕಡೆ, ಹೊತ್ತು, ತಾರೀಕು. ಯಾರಿಗೂ ಹೇಳಲಿಲ್ಲ. ಮನುಷ್ಯ ಅಂದಮೇಲೆ ಒಂದು ದಿನವಾದರೂ ತಪ್ಪಬೇಕು, ಆ ದಿನ ನಾನು ಅಲ್ಲಿರಬೇಕು, ಅಷ್ಟೇ ನನ್ನ ಆಸೆ. ತಪ್ಪಿದ ಮಾಲಿಗೆ ನಮ್ಮಲ್ಲಿ ಕೆಂಪು ಚೀಟಿ ಬರೆಯುತ್ತೇವೆ. ಅದಕ್ಕೆ ಎರಡು ಸಹಿ ಬೇಕು: ಕೆಳಗೆ ಎಡಕ್ಕೆ ಕೆಲಸಗಾರನದು, ಬಲಕ್ಕೆ ಇನ್‌ಸ್ಪೆಕ್ಟರನದು. ಕೆಲಸಗಾರ ಒಪ್ಪಿ ಸಹಿ ಹಾಕದಿದ್ದರೆ ಆ ಚೀಟಿ ನಡೆಯುವುದಿಲ್ಲ. ಕಾಕಾನ ಇಡೀ ನೌಕರಿಯಲ್ಲಿ ಅವರ ಸಹಿ ಇದ್ದ ಕೆಂಪು ಚೀಟಿ ಒಂದೂ ಇರಲಿಲ್ಲ. ಹಳೆಯ ಕಡತಗಳನ್ನು ನಾನೇ ಹುಡುಕಿ ನೋಡಿದ್ದೇನೆ. ಹನ್ನೊಂದು ವರ್ಷ ಬರೆದೆ. ಆರು ನೋಟ್‌ಬುಕ್ ತುಂಬಿದವು. ತಪ್ಪು ಒಂದೂ ಇಲ್ಲ.

ಅವರದೊಂದು ಮಾತಿತ್ತು. ಯಂತ್ರದಿಂದ ಆಗಷ್ಟೇ ಇಳಿದ ತುಂಡು ತಂದರೆ ಅವರು ಬೆರಳು ತಾಗಿಸಿ ತಟ್ಟನೆ ಕೈ ತೆಗೆಯುತ್ತಿದ್ದರು. “ಇನ್ನ ಬಿಸಿ ಐತಿ. ಬಿಸಿ ಇದ್ದಾಗ ಅದು ಸುಳ್ಳ ಹೇಳ್ತೈತಿ. ಆರಲಿ.” ಬಿಸಿಗೆ ಕಬ್ಬಿಣ ಹಿಗ್ಗುತ್ತದೆ, ಅಳತೆ ಹೆಚ್ಚು ತೋರಿಸುತ್ತದೆ ಎಂಬುದು ನನಗೆ ಪುಸ್ತಕದಿಂದ ಗೊತ್ತಿತ್ತು. ಅವರು ಅದನ್ನು ಕಬ್ಬಿಣದ ಗುಣದೋಷ ಎಂಬಂತೆ, ಒಬ್ಬ ಮನುಷ್ಯನ ಚಟದ ಬಗ್ಗೆ ಮಾತಾಡಿದಂತೆ ಹೇಳುತ್ತಿದ್ದರು. ತುಂಡು ಉಗುರುಬೆಚ್ಚಗಿದ್ದರೂ ಅವರ ಬೆರಳಿಗೆ ಗೊತ್ತಾಗಿಬಿಡುತ್ತಿತ್ತು.

ಅವರು ರಿಟೈರಾಗಲು ಒಂದು ವರ್ಷ ಇದ್ದಾಗಿನ ಮಾತು, ಚಳಿಗಾಲ. ಕಾರ್ಖಾನೆಯಲ್ಲಿ ಅರ್ಧ ಜನಕ್ಕೆ ಕೆಮ್ಮು ಜ್ವರ. ಎಂದೂ ರಜೆ ಹಾಕದ ಕಾಕಾ ಎಂಟು ದಿನ ಮಲಗಿದರು. ಕೊರೊನಾ ಇರಬಹುದೆಂದು ಡಿಸ್ಪೆನ್ಸರಿಯವರು ಪರೀಕ್ಷೆ ಮಾಡಿಸಿದರು. ಅದಲ್ಲ, ಫ್ಲೂ. ಒಂಬತ್ತನೇ ದಿನ ಮಫ್ಲರ್ ಸುತ್ತಿಕೊಂಡು ಕೆಲಸಕ್ಕೆ ಹಾಜರು. ಮುಖ ಇಳಿದಿತ್ತು. ಇನ್ನೆರಡು ದಿನ ಮಲಗಿ ಎಂದು ಎಲ್ಲರೂ ಹೇಳಿದರು. ನಾನು ಹೇಳಲಿಲ್ಲ.

ಬೆಳಿಗ್ಗೆ ಎಂಟೂ ಮೂವತ್ತೈದಕ್ಕೆ ದಿನದ ಮೊದಲ ತುಂಡಿಗೆ ಬೆರಳಿಟ್ಟರು. “ಒಂದೂವರಿ.” ನನ್ನ ಕೋಣೆಗೆ ಒಯ್ದು ಗೇಜು ಇಟ್ಟೆ, ಒಂದೂವರೆ. ಬರೆದುಕೊಂಡೆ. ಎಂಟು ದಿನ ಜ್ವರದಲ್ಲಿ ಬೆಂದು ಎದ್ದು ಬಂದವರ ಬೆರಳೂ ತಪ್ಪುವುದಿಲ್ಲವಲ್ಲ ಎಂದು ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಆಗ ಆ ಯೋಚನೆ ಬಂದದ್ದು.

ಒಂಬತ್ತೂ ಐವತ್ತಕ್ಕೆ ಯಂತ್ರದಿಂದ ಅದೇ ತಾನೇ ಇಳಿದ, ಅಂಗೈಯಷ್ಟು ಉದ್ದದ ಒಂದು ತುಂಡನ್ನು ಅರಿವೆಯಲ್ಲಿ ಸುತ್ತಿ ತಂದೆ. ಚಹಾದ ಲೋಟದಷ್ಟು ಬಿಸಿ ಇತ್ತು, ಅರಿವೆಯೊಳಗಿಂದಲೂ ನನ್ನ ಕೈಗೆ ಹತ್ತುತ್ತಿತ್ತು. ಹಾಸಿನ ಮೇಲೆ ಇಟ್ಟೆ. ಬಿಸಿ ಇದೆ ಎಂದು ಹೇಳಲಿಲ್ಲ. ಜ್ವರದ ಮಬ್ಬಿನಲ್ಲಿದ್ದಾರೆ, ತಪ್ಪಿದರೆ ಇವತ್ತೇ ತಪ್ಪಬೇಕು.

ಪೌಡರಿನ ಡಬ್ಬಿ ಅವರ ಕೈಯಿಂದ ಜಾರಿ ಬಿತ್ತು. ಎತ್ತಿಕೊಟ್ಟೆ. ಬಲಗೈಯನ್ನು ಎರಡು ಸಲ ಕೊಡವಿದರು.

“ಜೋಮು ಹಿಡದಂಗ ಆಗೇತಿ ನೋಡ. ಜ್ವರದ ನಿಶ್ಶಕ್ತಿ ಇನ್ನ ಹೋಗವಲ್ದು.”

ಮುಂಚೆಯೇ ನೆಪ ಹುಡುಕಿಟ್ಟುಕೊಳ್ಳುತ್ತಿದ್ದಾರೆ ಎಂದುಕೊಂಡೆ. ಕಣ್ಣು ಮುಚ್ಚಿ ಬೆರಳು ಎಳೆದರು. ಕೈ ತೆಗೆಯಲಿಲ್ಲ. ಇನ್ನೊಂದು ಸಲ ಎಳೆದರು.

“ಬರೋಬ್ಬರಿ ಐತಿ. ಮುಂದ ಕಳಸು.”

ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದೆ: ‘೯.೫೦. ಬಿಸಿ ತಿಳಿಯಲಿಲ್ಲ. ಎರಡು ಸಲ ಎಳೆದರು.’ ಕೆಳಗೆ ಎರಡು ಗೆರೆ ಹಾಕಿದೆ. ತುಂಡು ಆರಿದ ಮೇಲೆ ಅಳೆದೆ. ಮೂರು ಪಾಯಿಂಟು ಕಡಿಮೆ. ಮೂರು! ಉಜ್ಜಿ ಕಡಿಮೆ ಮಾಡಬಹುದು, ಕಡಿಮೆಯಾದದ್ದನ್ನು ಹೆಚ್ಚು ಮಾಡಲಾಗುವುದಿಲ್ಲ, ಅದು ಗುಜರಿಗೆ ಹೋಗುವ ಮಾಲು. ಕೆಂಪು ಚೀಟಿ ತೆಗೆದು ಚಂದದ ಅಕ್ಷರದಲ್ಲಿ ತುಂಬಿದೆ, ಬಲಕ್ಕೆ ನನ್ನ ಸಹಿ ಹಾಕಿದೆ. ಇಬ್ಬರಿಗೆ ಹೇಳಿಯೂ ಬಂದೆ. ಚೀಟಿಯನ್ನು ಆಗಲೇ ಒಯ್ದು ಸಹಿ ಕೇಳಬಹುದಿತ್ತು. ಒಯ್ಯಲಿಲ್ಲ. ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ, ಎಲ್ಲರೆದುರು ಕೇಳಬೇಕೆಂದಿತ್ತು. ಆ ಎರಡೂವರೆ ಗಂಟೆ ನಾನು ನನ್ನ ನೌಕರಿಯಲ್ಲೇ ಅತ್ಯಂತ ಸುಖವಾಗಿದ್ದ ಹೊತ್ತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಹನ್ನೆರಡೂ ಇಪ್ಪತ್ತಕ್ಕೆ ಚೀಟಿ ಹಿಡಿದು ಕ್ಯಾಂಟೀನಿನಲ್ಲಿ ಅವರು ಕೂತಿದ್ದ ಮೇಜಿಗೆ ಹೋದೆ. ಸುತ್ತ ಎಂಟು ಹತ್ತು ಜನ. ಡಬ್ಬಿ ಬಿಚ್ಚಿದ್ದರು, ರೊಟ್ಟಿ ಮುರಿದಿರಲಿಲ್ಲ.

“ಕಾಕಾ, ಒಂದ ಸಹಿ ಬೇಕಾಗೇತ್ರಿ.”

ತಲೆ ಎತ್ತಿ ನೋಡಿದರು. “ಏ...” ಎಂದರು. ಮುಂದಿನ ಮಾತು ಹೊರಳಲಿಲ್ಲ. ಬಾಯಿಯ ಬಲತುದಿ ಕೆಳಗೆ ಇಳಿದಿತ್ತು. ಸ್ಟೀಲಿನ ಲೋಟ ಹಿಡಿಯಲು ಹೋದರು. ಲೋಟ ಉರುಳಿತು, ನೀರು ರೊಟ್ಟಿಯ ಮೇಲೆ ಹರಿಯಿತು, ಅವರು ನಿಧಾನಕ್ಕೆ ಬಲಕ್ಕೆ ವಾಲಿದರು. ಹಿಡಿದುಕೊಂಡವನು ನಾನೇ, ಹತ್ತಿರ ನಿಂತವನು ನಾನೇ ಆದ್ದರಿಂದ. ಚೀಟಿ ನನ್ನ ಮುಷ್ಟಿಯಲ್ಲಿ ಮುದುಡಿತು.

ಕಾರ್ಖಾನೆಯ ಆಂಬುಲೆನ್ಸಿನಲ್ಲಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹನ್ನೆರಡೂ ನಲವತ್ತಕ್ಕೆ ತಲುಪಿದೆವು. ನಾನು, ಇನ್‌ಚಾರ್ಜ್, ಇನ್ನಿಬ್ಬರು. ಕಾಕು, ಎಂದರೆ ಅವರ ಹೆಂಡತಿ, ಮನೆಯಿಂದ ನೇರ ಅಲ್ಲಿಗೇ ಬಂದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕಣ್ಣಿಗೆ ಟಾರ್ಚ್ ಬಿಡುತ್ತಲೇ ಕೇಳಿದಳು, “ಎಪ್ಪುಡು ಮೊದಲೈಂದಿ?” ಯಾವಾಗ ಶುರುವಾಯಿತು?

“ಇಪ್ಪುಡೇ ಮೇಡಂ, ಪನ್ನೆಂಡೂ ಇರವೈಕಿ” ಎಂದ ಇನ್‌ಚಾರ್ಜ್. ಹನ್ನೆರಡೂ ಇಪ್ಪತ್ತು. ಉಳಿದವರೂ ಹೂಂಗುಟ್ಟಿದರು. ಎಲ್ಲರೂ ಕಣ್ಣಾರೆ ಕಂಡದ್ದು ಅದೇ.

ಡಾಕ್ಟರಮ್ಮನ ಭುಜ ಸ್ವಲ್ಪ ಸಡಿಲವಾಯಿತು. ಹಾಗಾದರೆ ಹೊತ್ತು ಇದೆ ಎಂದಳು. ಮೆದುಳಿನ ನಾಳದಲ್ಲಿ ಕಟ್ಟಿಕೊಂಡ ರಕ್ತವನ್ನು ಕರಗಿಸುವ ಔಷಧ ಒಂದಿದೆ, ಶುರುವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು, ತಡವಾಗಿ ಕೊಟ್ಟರೆ ತಲೆಯೊಳಗೇ ರಕ್ತ ಸೋರಬಹುದು, ನೀವು ಕಂಪನಿಯ ಕಾಗದಪತ್ರ ಮಾಡಿಸಿ, ಅಷ್ಟರಲ್ಲಿ ಸ್ಕ್ಯಾನ್ ಸರದಿ ಬರುತ್ತದೆ. ಇನ್‌ಚಾರ್ಜ್ ಕಾಗದಕ್ಕೆ ಫೋನು ಹಚ್ಚಿದ.

ನನ್ನ ಜೇಬಿನಲ್ಲಿ ನೋಟ್‌ಬುಕ್ ಇತ್ತು.

ನಾನು ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಹೇಳಿದರೆ ಕಾಕು ಕೇಳಿಸಿಕೊಳ್ಳುತ್ತಾರೆ, ಶಾಪಿನ ಜನ ಕೇಳಿಸಿಕೊಳ್ಳುತ್ತಾರೆ. ಎಷ್ಟು ಹೊತ್ತು ಯೋಚಿಸಿದೆನೋ ಗೊತ್ತಿಲ್ಲ, ಅಲ್ಲಿ ಅರ್ಧ ನಿಮಿಷವೂ ದೊಡ್ಡದು. ಕೊನೆಗೆ ನೋಟ್‌ಬುಕ್ ತೆಗೆದು ಡಾಕ್ಟರಮ್ಮನ ಮುಂದೆ ಹಿಡಿದೆ. ಹಿಂದಿಯಲ್ಲಿ ಹೇಳಿದೆ, ಹನ್ನೆರಡೂ ಇಪ್ಪತ್ತಕ್ಕಲ್ಲ, ಒಂಬತ್ತೂ ಐವತ್ತಕ್ಕೇ ಬಲಗೈಗೆ ಬಿಸಿ ಗೊತ್ತಾಗಿಲ್ಲ, ಜೋಮು ಎಂದರು, ಡಬ್ಬಿ ಬಿತ್ತು.

“ಅದಕ್ಕೆ ಮುಂಚೆ? ಪೂರ್ತಿ ಸರಿಯಿದ್ದದ್ದು ಯಾವಾಗ?”

“ಎಂಟೂ ಮೂವತ್ತೈದು.”

“ಖಚಿತವಾಗಿ ಹೇಗೆ ಹೇಳುತ್ತೀರಿ?”

“ಆಗ ಅವರ ಬೆರಳು ಅರ್ಧ ಪಾಯಿಂಟೂ ತಪ್ಪಿಲ್ಲ. ಅಳೆದು ನೋಡಿದ್ದೇನೆ.”

ಅವಳು ಗಡಿಯಾರ ನೋಡಿದಳು. ಎಂಟೂ ಮೂವತ್ತೈದಕ್ಕೆ ನಾಲ್ಕೂವರೆ ಗಂಟೆ ಕೂಡಿಸಿದರೆ ಒಂದೂ ಐದು. ಇಪ್ಪತ್ತು ನಿಮಿಷವೂ ಉಳಿದಿರಲಿಲ್ಲ. ಆಮೇಲೆ ಅವಳು ಓಡಿದಳು. ಸರದಿಯಲ್ಲಿದ್ದವರನ್ನು ಸರಿಸಿ ಇವರನ್ನು ಒಳಗೆ ನೂಕಿದರು. ಸ್ಕ್ಯಾನಿನಲ್ಲಿ ರಕ್ತ ಸೋರಿರಲಿಲ್ಲ. ಒಂದೂ ಮೂರಕ್ಕೆ ಔಷಧ ಏರಿತು. ಇನ್‌ಚಾರ್ಜ್ ನನ್ನ ಕಡೆ ನೋಡುತ್ತ ನಿಂತಿದ್ದ. ಡಾಕ್ಟರಮ್ಮ ಓಡುವಾಗ ಅವನ ಕೈಗೆ ಕೊಟ್ಟಿದ್ದ ನೋಟ್‌ಬುಕ್ಕನ್ನು ತಿರುವಿ, ಹಿಂದಿನ ಪುಟಗಳನ್ನೂ ತಿರುವಿ, ನನಗೆ ವಾಪಸು ಕೊಟ್ಟ. ಅವತ್ತಿನಿಂದ ನನ್ನ ಮುಂದೆ ಕಾಗದ ನೂಕುವುದನ್ನೂ ಬಿಟ್ಟ.

ಮಾರನೆಯ ದಿನ ಡಾಕ್ಟರಮ್ಮ ಕಾಕುಗೆ ತಿಳಿಸಿ ಹೇಳಿದಳು. ಫ್ಲೂ ಕೇವಲ ಮೂಗು, ಎದೆಯ ಕಾಯಿಲೆಯಲ್ಲ. ಅದು ಬಂದಾಗ ಮೈಯೊಳಗೆಲ್ಲ ಉರಿ ಏಳುತ್ತದೆ, ರಕ್ತ ಹೆಪ್ಪುಗಟ್ಟುವುದು ಸುಲಭವಾಗುತ್ತದೆ, ಜ್ವರ ಬಿಟ್ಟ ಮೇಲೂ ಕೆಲವು ದಿನ ಹಾಗೇ ಇರುತ್ತದೆ. ಇವರಂತೆ ಬಿ.ಪಿ. ಇದ್ದ ವಯಸ್ಸಾದವರಿಗೆ ಆ ದಿನಗಳಲ್ಲಿ ಹೀಗಾಗುವ ಭಯ ಹೆಚ್ಚು. “ಜ್ವರ ಹೋತು, ಗೆದ್ವಿ ಅಂತ ತಿಳಕೊಂಡಿದ್ವೆಲ್ಲ” ಎಂದರು ಕಾಕು. ನಡೆದಾಡುತ್ತಾರೆ, ಮಾತೂ ಬರುತ್ತದೆ, ಬೆರಳುಗಳ ಸ್ಪರ್ಶ ಮಾತ್ರ ಹೇಳಲಾಗದು ಎಂದಳು ಡಾಕ್ಟರಮ್ಮ. ಹೋಗುವಾಗ ಯಾರನ್ನೂ ಉದ್ದೇಶಿಸದೆ ಅಂದದ್ದು ನನ್ನ ಕಿವಿಗೆ ಬಿತ್ತು: ಜೋಮು ಎಂದಾಗಲೇ ಕರೆತಂದಿದ್ದರೆ ಬೆರಳೂ ಉಳಿಯುತ್ತಿತ್ತೇನೋ.

ಮಾತು ಬಂತು. ಕೋಲು ಹಿಡಿದು ನಡೆದರು. ಬೆರಳು ಬರಲಿಲ್ಲ. ಕಾರ್ಖಾನೆ ಅವರನ್ನು ಗೌರವದಿಂದಲೇ ಬೇಗ ನಿವೃತ್ತಿಗೊಳಿಸಿತು. ಅವರು ಮಣಿಕೊಂಡದಲ್ಲಿ ಕೊಂಡಿದ್ದ ಎರಡು ಕೋಣೆಯ ಫ್ಲ್ಯಾಟಿಗೆ ಹೋದರು. ನಾನು ಐದು ತಿಂಗಳು ಆ ಕಡೆ ಹೋಗಲಿಲ್ಲ. ಒಂದು ಭಾನುವಾರ ಅಮೀರ್‌ಪೇಟದಲ್ಲಿ ಮೆಟ್ರೋ ಇಳಿದು, ಎದುರಿನ ದಾರಿಯಲ್ಲಿ ಮನೆಗೆ ವಾಪಸು ಹೋಗಲೆಂದು ಎರಡು ಸಲ ತಿರುಗಿ, ಕೊನೆಗೆ ಆಟೋ ಹಿಡಿದೆ.

ಬಾಲ್ಕನಿಯಲ್ಲಿ ಕುರ್ಚಿಯಲ್ಲಿದ್ದರು. ಬಲಗೈ ತೊಡೆಯ ಮೇಲೆ, ಯಾರೋ ಇಟ್ಟು ಮರೆತ ಸಾಮಾನಿನ ಹಾಗೆ. ಮಡಿಲಲ್ಲೊಂದು ಮಕ್ಕಳು ಅಕ್ಷರ ತಿದ್ದುವ ನಾಲ್ಕು ಗೆರೆಯ ಕಾಪಿ, ಎಡಗೈಲಿ ಪೆನ್ಸಿಲು.

“ಬರ್ರಿ ಬಿಎಸ್ಸಿ ಸಾಹೇಬ್ರ. ಐದ ತಿಂಗಳ ಬೇಕಾತೇನು ದಾರಿ ಸಿಗಾಕ?” ಮಾತು ಒಂದು ಕಡೆಯಿಂದ ಬರುತ್ತಿತ್ತು, ಧಾಟಿ ಮಾತ್ರ ಅದೇ. “ಪುಸ್ತಕ ತಂದೀ? ಕಾಕು ಹೇಳ್ಯಾಳ ಎಲ್ಲಾ.”

ಆರೂ ನೋಟ್‌ಬುಕ್ ಚೀಲದಲ್ಲಿದ್ದವು. ತರಬೇಕೆಂದು ಯಾಕೆ ಅನ್ನಿಸಿತ್ತೋ. ಎಡಗೈಯಿಂದ ಒಂದೊಂದೇ ಪುಟ ತಿರುವಿದರು. ತುಂಬ ಹೊತ್ತು ತಿರುವಿದರು. ಕಾಕು ಚಹಾ ಇಟ್ಟು ಹೋದರು, ನನ್ನ ಮುಖ ನೋಡಲಿಲ್ಲ.

“ಹನ್ನೊಂದ ವರ್ಷಾ?”

“ಹೂಂನ್ರಿ.”

“ಎಷ್ಟ ಸಿಕ್ವು?”

“ಒಂದ್ರಿ.”

ಕೊನೆಯ ಪುಟಕ್ಕೆ ಬಂದರು. ಎರಡು ಗೆರೆ ಎಳೆದದ್ದನ್ನು ನೋಡಿದರು. “ಆ ತುಂಡು ಬಿಸಿ ಇದ್ದದ್ದು ನಿನಗ ಗೊತ್ತಿತ್ತು.”

“ಗೊತ್ತಿತ್ರಿ.”

“ಬೇಕಂತ ತಂದಿ.”

“ಹೂಂನ್ರಿ ಕಾಕಾ.”

“ನಾ ಬರೋಬ್ಬರಿ ಅಂದಾಗ ಹೆಂಗ ಅನಸ್ತು? ಖರೇ ಹೇಳ.”

ಹಲವು ಉತ್ತರಗಳನ್ನು ದಾರಿಯಲ್ಲಿ ತಯಾರು ಮಾಡಿಕೊಂಡಿದ್ದೆ. ಅವೆಲ್ಲ ಬಿಟ್ಟು “ಭಾಳ ಖುಷಿ ಆತ್ರಿ” ಎಂದೆ. “ಮಧ್ಯಾಹ್ನದ ತನಕ ಇಟ್ಟಕೊಂಡು ಕುಂತೆ. ಆಗ ಬಾಯಿ ಬಿಟ್ಟಿದ್ರ ನಿಮ್ಮ ಬೆರಳು ಉಳೀತಿತ್ತು.”

ಅವರು ಕೆಳಗೆ ರಸ್ತೆ ನೋಡುತ್ತಿದ್ದರು. ಆಮೇಲೆ ಮುಖದ ಒಂದು ಅರ್ಧ ನಕ್ಕಿತು.

“ಉಳೀತಿತ್ತು. ಹೌದು.” ನೋಟ್‌ಬುಕ್ ಮುಚ್ಚುತ್ತ, “ಮೂವತ್ತ ವರ್ಷ ನನ್ನ ಬೆರಳ ಮ್ಯಾಲೆ ಒಬ್ಬರೂ ಗೇಜ ಇಡವಲ್ರು. ಉಸ್ತಾದ್ ಹೇಳ್ಯಾನ, ಮುಗೀತು. ನನಗ ಒಳಗ ಪುಕಪುಕ ಅಂತಿತ್ತು, ತಮ್ಮಾ. ತಪ್ಪಿದ್ರ ಹಿಡಿಯಾವ ಯಾರು? ನೀ ಅಳದಿದ್ದಿ ಅಂತ ಮೊದಲ ಹೇಳಿದ್ರ ಅರಾಮ ನಿದ್ದಿ ಮಾಡ್ತಿದ್ದೆ.”

ಬೈದಿದ್ದರೆ ಅಳಬಹುದಿತ್ತು. ಅದಕ್ಕೂ ಜಾಗ ಬಿಡಲಿಲ್ಲ ಈ ಮನುಷ್ಯ ಎಂದು ಒಳಗೆ ಮತ್ತದೇ ಹಳೆಯ ಉರಿ ಎದ್ದಿತು. ಬಡಿಯಬೇಕಾದ ಹೊತ್ತಿನಲ್ಲಿ ‘ತಮ್ಮಾ’ ಎನ್ನುತ್ತಾರೆ.

“ಚೀಟಿ ಎಲ್ಲೈತಿ?”

“ಯಾವ ಚೀಟಿರಿ?”

“ಕೆಂಪಂದು. ಕ್ಯಾಂಟೀನಿಗೆ ಹಿಡಕೊಂಡ ಬಂದಿದ್ದಿ. ಬೀಳೂಮುಂದ ನೋಡೀನಿ ನಾ.”

ಕೊನೆಯ ನೋಟ್‌ಬುಕ್ಕಿನ ರಟ್ಟಿನೊಳಗೆ ಮಡಿಚಿ ಇಟ್ಟಿದ್ದೆ. ಹರಿದು ಹಾಕಲೂ ಆಗಿರಲಿಲ್ಲ, ಕಡತಕ್ಕೆ ಸೇರಿಸಲೂ ಆಗಿರಲಿಲ್ಲ. ತೆಗೆದು ಕೊಟ್ಟೆ. ಮುದುಡಿದ್ದನ್ನು ತೊಡೆಯ ಮೇಲೆ ಎಡ ಅಂಗೈಯಿಂದ ತಿಕ್ಕಿ ಸರಿಮಾಡಿದರು.

“ಬ್ಯಾಡ್ರಿ ಕಾಕಾ.”

“ಕೆಲಸಗಾರನ ಸಹಿ ಇಲ್ದ ಕೆಂಪ ಚೀಟಿ ನಡೀತೈತೇನ್ರಿ ಇನಸ್ಪೆಕ್ಟರ್ ಸಾಹೇಬ್ರ? ಮೂರ ಪಾಯಿಂಟ ಕಡಿಮಿ. ನನ್ನ ತಪ್ಪ. ಪೆನ್ನ ಕೊಡ.”

ನನ್ನ ಪೆನ್ನು ಕೊಟ್ಟೆ. ನಾಲ್ಕು ಗೆರೆಯ ಕಾಪಿಯನ್ನು ಚೀಟಿಯ ಕೆಳಗೆ ಆಸರೆಗೆ ಇಟ್ಟುಕೊಂಡು, ನಾಲಗೆ ತುದಿ ಹಲ್ಲಿಗೆ ಕಚ್ಚಿ, ಎಡಗೈಯಿಂದ, ಕೆಳಗೆ ಎಡಕ್ಕೆ, ತಮ್ಮ ಹೆಸರು ಬರೆದರು. ಒಂದೊಂದು ಅಕ್ಷರಕ್ಕೂ ನಿಂತು ಬರೆದರು. ಕೊನೆಗೆ ಕೆಳಗೊಂದು ಗೆರೆ ಎಳೆದು ನನ್ನ ಕೈಗಿಟ್ಟರು.

“ತಗೋ. ಈಗ ಪಕ್ಕಾ ಆತು.”

ಆಮೇಲೆ ಮೂರು ವರ್ಷ ಬದುಕಿದ್ದರು. ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಈ ವಿಷಯ ಮತ್ತೆ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವರು ಸಹಿ ಹಾಕಿಕೊಟ್ಟ ಆ ಭಾನುವಾರ ಮನೆಗೆ ಬಂದವನು ಅಂಗಿ ಬಿಚ್ಚುವ ಮೊದಲೇ ಟೇಬಲ್ಲಿಗೆ ಕೂತು, ಗೋಡೆಯ ಮೇಲಿನ ಪ್ರಮಾಣಪತ್ರದ ಕೆಳಗೆ, ಒಂದು ಬಿಳಿ ಹಾಳೆಯ ಮೇಲೆ ಎಡಗೈಯಿಂದ ನನ್ನ ಹೆಸರು ಬರೆದು ನೋಡಿದೆ. ಎಂಟು ಸಲ ಬರೆದೆ. ಪಕ್ಕಕ್ಕೆ ಕೆಂಪು ಚೀಟಿ ಇಟ್ಟು ಹೋಲಿಸಿದೆ.

ಅವರದೇ ಚೆನ್ನಾಗಿತ್ತು.